ಒಂದು ಮುಂಜಾನೆಯ ಮುಯ್ಯಿ

ಆವತ್ತು ಮುಂಜಾನೆ ಶಿಗ್ಗಾಂವಿಯ ಮೇಲೆ ಮಂಜು ಎಂಥಾದ್ದು ಕವಿದಿತ್ತೆಂದರೆ, ಹಿತ್ತಿಲ ಬಾಗಿಲಲ್ಲಿ ನಿಂತವರಿಗೆ ನಾಲ್ಕು ಮಾರು ಆಚೆಯ ಬೇವಿನ ಗಿಡ ಕಾಣುತ್ತಿರಲಿಲ್ಲ. ಎಲೆಯಿಂದ ಎಲೆಗೆ ಹನಿ ಬೀಳುವ ಸಪ್ಪಳ ಕೇಳಿ, ಗಿಡ ಅಲ್ಲೇ ಇದೆ ಎಂದು ತಿಳಿಯಬೇಕಾಗಿತ್ತು. ಮಾಗಿಯ ನಡುಗಾಲ. ದೊಡ್ಡ ಯುದ್ಧ ಸುರುವಾಗಲು ಇನ್ನೂ ಒಂದೆರಡು ವರ್ಷ ಇದ್ದವು. ಊರಿಗೆ ಮೋಟಾರು ಬಂದಿತ್ತು, ಚಹಾದ ಅಂಗಡಿ ಬಂದಿತ್ತು, ಕರೆಂಟು ಬಂದಿರಲಿಲ್ಲ.

ಫಕ್ಕೀರವ್ವ ಪಡಸಾಲೆಯ ಮೂಲೆಯಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತಿದ್ದಳು. ಎದುರಿಗೆ ಪಕ್ಕದ ಮನೆಯ ಖತೀಜಾಬಿ. ಇಬ್ಬರ ನಡುವೆ ಒಂದೇ ಗೂಟ. ಒಬ್ಬಳು ನೂಕಿದರೆ ಇನ್ನೊಬ್ಬಳು ಎಳೆಯಬೇಕು. ಒಬ್ಬಳೇ ಬೀಸಿದರೆ ರಟ್ಟೆ ಬೀಳುತ್ತದೆ, ಇಬ್ಬರು ಬೀಸಿದರೆ ಹಾಡು ಬರುತ್ತದೆ. ಅದಕ್ಕೇ ಆ ಓಣಿಯ ಹೆಂಗಸರು ಮುಯ್ಯಿ ಮಾಡಿಕೊಂಡಿದ್ದರು. ಇವತ್ತು ನಮ್ಮ ಮನೆಯ ಜೋಳಕ್ಕೆ ನೀನು ಬಾ, ನಾಳೆ ನಿಮ್ಮ ಮನೆಯ ಜೋಳಕ್ಕೆ ನಾನು ಬರುತ್ತೇನೆ. ಇದನ್ನು ಯಾರೂ ಬರೆದಿಡುತ್ತಿರಲಿಲ್ಲ. ರಟ್ಟೆ ತಾನೇ ನೆನಪಿಟ್ಟುಕೊಳ್ಳುತ್ತಿತ್ತು.

ಫಕ್ಕೀರವ್ವ ಪದ ಎತ್ತಿದಳು:

ಮುಂಜಾನಿ ಎದ್ದೇನ ಮುಖ ತೊಳೆದು ಕುಂತೇನ
ನಂಜುಂಡ ನಿನ್ನ ನೆನೆದೇನ | ಕಲ್ಲಿನ್ಯಾಗ

ಕಡೆಯ ಸಾಲು ಎದುರಿಗೆ ಕುಳಿತವಳದು. ಖತೀಜಾಬಿ ಗೂಟ ಎಳೆಯುತ್ತಲೇ ಮುಗಿಸಿದಳು:

ಅಂಜೀಕಿ ಬಿಟ್ಟು ಬೀಸೇನ.

"ಯಕ್ಕಾ, ನಿಂದೊಂದು ದೇವರು ಪಾಪ," ಅಂದಳು ಖತೀಜಾಬಿ. "ಬರೇ ಹಿಟ್ಟಿನ ಧೂಳ ಕುಡೀತಾನ. ನಮಗಾದ್ರ ಬಾಂಗ್ ಕೊಟ್ಟು ಕರೀತಾರ. ನಿಮ್ಮನ್ನ ಕರಿಯೋರು ಯಾರು? ಅದಕ್ಕ ನಿನಗ ಪೂಜಾಕ್ಕ ಹೊತ್ತು ಸಿಗಂಗಿಲ್ಲ."

"ಕರಿಯಾಕ ಅಂವೇನ ದೂರ ಅದಾನೇನ? ಕೊಳ್ಳಾಗ ಕಟ್ಟಿಕೊಂಡ ಅಡ್ಡಾಡತೇನಿ," ಎಂದು ಫಕ್ಕೀರವ್ವ ಎದೆಯ ಮೇಲಿನ ಬೆಳ್ಳಿಯ ಕರಡಿಗೆ ಮುಟ್ಟಿ ತೋರಿಸಿದಳು. ಅದರೊಳಗೆ ಅವಳ ಲಿಂಗ ಇತ್ತು.

"ಕಟ್ಟಿಕೊಂಡ್ರೇನಾತು! ಗಂಡನ್ನೂ ಕಟ್ಟಿಕೊಂಡೇವಿ. ಮಾತಾಡಾಕ ಪುರಸೊತ್ತ ಸಿಕ್ಕೇತೇನು?"

ಇಬ್ಬರೂ ನಕ್ಕರು. ಆದರೆ ಮಾತು ಫಕ್ಕೀರವ್ವನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತ್ತು. ಅವಳ ಬಹಳ ದಿನದ ಕೊರಗು ಅದು. ಬೀಸಿ, ಕಸ ಹೊಡೆದು, ಎಮ್ಮೆ ಹಿಂಡಿ, ಜಳಕ ಮಾಡಿ ಬರುವಷ್ಟರಲ್ಲಿ ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತಾಗಿರುತ್ತಿತ್ತು. ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು, ವಿಭೂತಿ ಹಚ್ಚಿ, ಎರಡು ಪತ್ರಿ ಏರಿಸಿ, ಕಣ್ಣಿಗೊತ್ತಿಕೊಂಡು ಏಳುವುದೇ ಅವಳ ಪೂಜೆ. ಸಾಯುವುದರೊಳಗೆ ಒಮ್ಮೆಯಾದರೂ ಅವಸರ ಇಲ್ಲದೆ ಶಿವನ ಮುಂದೆ ಕುಳಿತುಕೊಳ್ಳಬೇಕು. ಅವಳ ಆಸೆ ಇಷ್ಟೇ.

ಆಗಲೇ ಮಂಜಿನೊಳಗಿಂದ ಒಂದು ಸಪ್ಪಳ ಬಂತು. ಕುಕ್, ಕುಕ್, ಕುಕ್.

"ಯಾರರ ಅವಲಕ್ಕಿ ಕುಟ್ಟಾಕತ್ತಾರೇನ?" ಅಂದಳು ಖತೀಜಾಬಿ.

"ಇಷ್ಟ ಜೋರ ಕುಟ್ಟಿದ್ರ ಒನಕಿ ಉಳಿತೈತೇನ?"

ಕಂಬಳಿ ಹೊದ್ದ ಫಕ್ಕೀರವ್ವನ ಮಗ ಕರಿಬಸಪ್ಪ ಮಂಜಿನೊಳಗಿಂದ ಓಡಿ ಒಳಗೆ ಬಂದ. "ಅವ್ವಾ, ಗೋಣೆಪ್ಪನ ಇಂಜಿನ್ ಗಿರಣಿ ಸುರು ಆತು! ನಾಳಿಂದ ನೀ ಕಲ್ಲ ಮುಟ್ಟಬ್ಯಾಡ. ನಾವು ಎಲಿ ಅಡಿಕಿ ಹಾಕ್ಕೊಳ್ಳೂದರಾಗ ಚೀಲದ ಜ್ವಾಳ ಹಿಟ್ಟಾಕ್ಕೇತಿ. ನೀ ಆರಾಮ ಪೂಜಾ ಮಾಡ್ಕೊಂತ ಕುಂಡ್ರು."

ಕೊನೆಯ ಮಾತು ಕೇಳಿ ಫಕ್ಕೀರವ್ವನ ಕೈ ಗೂಟದ ಮೇಲೆ ನಿಂತುಬಿಟ್ಟಿತು. ಶಿವನೇ ಇಂಜಿನ್ ಆಗಿ ಬಂದನೇನೋ ಅನಿಸಿತು ಅವಳಿಗೆ.

ಬೀಸುವುದು ಮುಗಿದ ಮೇಲೆ ಖತೀಜಾಬಿ ಸೆರಗಿನ ಹಿಟ್ಟು ಕೊಡವಿ ಎದ್ದಳು. "ನಾಳೆ ನಮ್ಮನಿಗೆ ಬರ್ತೀಯಲ್ಲ? ಜ್ವಾಳ ಹಸನ ಮಾಡಿ ಇಟ್ಟೇನಿ."

"ಬರ್ತೇನಿ, ಬರ್ತೇನಿ," ಅಂದಳು ಫಕ್ಕೀರವ್ವ. ಲಕ್ಷ್ಯವೆಲ್ಲ ಆ ಕುಕ್ ಕುಕ್ ಸಪ್ಪಳದ ಕಡೆಗಿತ್ತು.

ಮರುದಿನ ಅವಳು ಹೋದದ್ದು ನಿಜ. ಆದರೆ ಬೀಸಲಿಕ್ಕಲ್ಲ. ಬಗಲಲ್ಲಿ ತನ್ನ ಜೋಳದ ಪುಟ್ಟಿ ಇಟ್ಟುಕೊಂಡು ಖತೀಜಾಬಿಯ ಬಾಗಿಲಲ್ಲಿ ನಿಂತು ಕೈ ಚಾಚಿದಳು. "ತಾ ಇತ್ಲಾಗ ನಿನ್ನ ಜ್ವಾಳಾನೂ. ಬೀಸಿಸ್ಕೊಂಡ ಬರ್ತೇನಿ. ನಿನ್ನ ಮುಯ್ಯೀನೂ ತೀರ್ತೈತಿ, ನನಗೂ ಹೊತ್ತು ಉಳಿತೈತಿ."

ಕಲ್ಲಿನ ಸುತ್ತ ಅರಿವೆ ಹಾಸಿ, ಎದುರಿಗೆ ಮಣೆ ಹಾಕಿ ಕಾಯುತ್ತಿದ್ದ ಖತೀಜಾಬಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಮುಖ ಸಣ್ಣದಾಯಿತು.

"ನಮ್ಮ ಮನಿಯವರಿಗೆ ಗಿರಣಿ ಹಿಟ್ಟು ಆಗಂಗಿಲ್ಲ. ಹೊಟ್ಟಿ ಉರಿತೈತಂತಾರ," ಅಂದಳು. ಅವಳ ಗಂಡ ಗೌಸಸಾಬ ವೀಳ್ಯದೆಲೆ ಮಾರಲು ಸವಣೂರಿನ ಸಂತೆಗೆ ಹೋಗಿ ಬರುವವನು, ಹೊಟ್ಟೆಯ ರೋಗಿ.

"ಹಿಟ್ಟಿನ ಬಿಸಿ ಆರಿಸಿ ರೊಟ್ಟಿ ಮಾಡು. ಏನೂ ಆಗಂಗಿಲ್ಲ."

"ಯಕ್ಕಾ, ನಿನ್ನೆ ನಾ ನನ್ನ ರಟ್ಟಿ ಕೊಟ್ಟೇನಿ. ನೀ ಇವತ್ತ ಇಂಜಿನ್ ತಂದು ಕೊಡ್ತಿಯೇನು?"

"ಹಿಟ್ಟು ಬಂದ್ರ ಸಾಲದೇನ? ಯಾರ ಬೀಸಿದ್ರೇನು?"

"ಸಾಲ್ತೈತಿ, ಸಾಲ್ತೈತಿ. ನೀ ಹೋಗು. ನಿನ್ನ ದೇವರಿಗೆ ತಡಾ ಆಗ್ತೈತಿ." ಖತೀಜಾಬಿ ಎದುರಿನ ಮಣೆಯನ್ನು ಎತ್ತಿ ಗೋಡೆಗೆ ಆನಿಸಿಟ್ಟಳು.

ದಾರಿಯುದ್ದಕ್ಕೂ ಫಕ್ಕೀರವ್ವ, "ಒಳ್ಳೇದಕ್ಕ ಕಾಲ ಇಲ್ಲ," ಅಂತ ಗೊಣಗಿದಳು. ಮುಯ್ಯಿ ತೀರಿಸಲು ಹೋದವಳು ತಾನು, ಬೇಡ ಅಂದವಳು ಅವಳು. ಅಲ್ಲಿಗೆ ಲೆಕ್ಕ ಮುಗಿಯಿತಲ್ಲ ಎಂದು ತನಗೆ ತಾನೇ ತೀರ್ಮಾನ ಹೇಳಿಕೊಂಡಳು.

ಗಿರಣಿಯ ಮುಂದೆ ಊರಿಗೆ ಊರೇ ನೆರೆದಿತ್ತು. ಇಂಜಿನ್ ನೋಡುವವರು, ಪಟ್ಟಾ ತಿರುಗುವುದನ್ನು ನೋಡಿ ತಲೆ ತಿರುಗಿಸಿಕೊಂಡವರು, ಹಿಟ್ಟಿನ ಬಿಸಿ ಮುಟ್ಟಿ "ಅಯ್ಯ, ಜ್ವರಾ ಬಂದಂಗ ಐತಲ್ಲೇ!" ಅನ್ನುವವರು. ಪಾಳಿ ಬರುವವರೆಗೆ ಕಟ್ಟೆಯ ಮೇಲೆ ಕುಳಿತರೆ ಮಾತಿಗೇನು ಬರ? ಯಾರ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಈಯಿತು, ಹಾನಗಲ್ಲಿನಲ್ಲಿ ಅಕ್ಕಿಯ ಧಾರಣೆ ಏನಾಯಿತು, ಎಲ್ಲ ಅಲ್ಲೇ. ಕಲ್ಲಿನ ಮುಂದೆ ಕುಳಿತಾಗ ಒಂದು ಪದ ಹಾಡುವ ಹೊತ್ತಿನಲ್ಲಿ ಒಂದು ಹಿಡಿ ಜೋಳ ಹಿಟ್ಟಾಗುತ್ತಿತ್ತು. ಇಲ್ಲಿ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಪುಟ್ಟಿಗಟ್ಟಲೆ ಜೋಳ ಹಿಟ್ಟಾಗುತ್ತಿತ್ತು, ಆದರೆ ಆ ಗಳಿಗೆ ಬರುವತನಕ ಬಿಸಿಲು ಮಾಳಿಗೆ ಏರುತ್ತಿತ್ತು. ಉಳಿದ ಹೊತ್ತೆಲ್ಲ ಎಲ್ಲಿ ಹೋಯಿತು ಎಂದು ಫಕ್ಕೀರವ್ವ ಮನೆಗೆ ಬರುತ್ತ ಯೋಚಿಸುವಳು. ಮರುವಾರ ಮತ್ತೆ ಹೋಗಿ ಅದೇ ಕಟ್ಟೆಯ ಮೇಲೆ ಕೂಡುವಳು.

ಹೀಗೇ ಒಂದು ಮುಂಜಾನೆ ಗಿರಣಿಯ ಗೋಣೆಪ್ಪ ಚಳಿ ಬಹಳ ಇದೆಯೆಂದು ಕಾದು ಕುಳಿತವರಿಗೆಲ್ಲ ಚಹಾ ತರಿಸಿದ. ಬಾಯಿ ದೊಡ್ಡದಾದರೂ ಕೈಯೂ ದೊಡ್ಡದೇ ಅವನದು. "ಕುಡೀರಿ ಫಕ್ಕೀರವ್ವಾರ, ಇದು ಪ್ಯಾಟಿ ಅಮೃತ," ಎಂದು ಬಶಿಯ ಮೇಲಿಟ್ಟ ಚಹಾದ ಕಪ್ಪನ್ನು ಅವಳ ಕೈಗೂ ಕೊಟ್ಟ. ಮಾತು ಕರಿಬಸಪ್ಪನ ಹೆಂಡತಿ ಸರೋಜವ್ವನ ಸೀಮಂತದ ಮೇಲೆ ನಡೆದಿತ್ತು. ಸೊಸೆ ಮೊದಲ ಬಸುರಿ. ಫಕ್ಕೀರವ್ವ ಉತ್ಸಾಹದಿಂದ ಹೇಳುತ್ತ ಹೇಳುತ್ತ ಬಶಿಗೆ ಸುರುವಿದಳು, ಊದಿದಳು, ಎರಡು ಗುಟುಕು ಕುಡಿದಳು. ಮೂರನೆಯದಕ್ಕೆ ಬಶಿ ಎತ್ತಿದಾಗ ಅದರ ಅಂಚು ಎದೆಯ ಮೇಲಿನ ಕರಡಿಗೆಗೆ ಟಿಣ್ ಅಂತ ತಾಗಿತು.

ಬಶಿ ಕೈಯಿಂದ ಜಾರಿ ಕಟ್ಟೆಗೆ ಬಿದ್ದು ಒಡೆಯಿತು.

ಬುದ್ಧಿ ಬಂದಾಗಿನಿಂದ ಲಿಂಗಕ್ಕೆ ತೋರಿಸದೆ ಒಂದು ಹನಿ ನೀರು ಅವಳ ಗಂಟಲಿಗೆ ಇಳಿದಿರಲಿಲ್ಲ. ಜ್ವರ ಬಂದಾಗಲೂ ಇಲ್ಲ, ಹೆರಿಗೆಯ ನೋವು ತಿಂದು ಎದ್ದ ಮುಂಜಾನೆಯೂ ಇಲ್ಲ. ಪೂಜೆಗೆ ಹೊತ್ತಿಲ್ಲದ ಆ ದಿನಗಳಲ್ಲಿ ಎಂದೂ ಮರೆಯದ್ದನ್ನು, ಪೂಜೆಗೆಂದು ಹೊತ್ತು ಉಳಿಸಿಕೊಂಡ ಮೇಲೆ ಮರೆತಿದ್ದಳು.

ಮನೆಗೆ ಬಂದು ಮುಸುಕು ಹಾಕಿಕೊಂಡು ಮಲಗಿದಳು. ಸರೋಜವ್ವ ತಲೆಯ ಹತ್ತಿರ ಬಂದು ಕುಳಿತಳು.

"ಮರತು ಕುಡದದ್ದಕ್ಕ ಶಿವಾ ಏನ ಅಂತಾನ್ರಿ, ಅತ್ತಿ? ನಾ ಬಸುರಿ ಅಂತ ಸಂತೋಷಕ್ಕ ಕುಡದ್ರಿ. ನನ್ನ ಮ್ಯಾಲ ಹಾಕ್ರಿ ಆ ಪಾಪಾನ."

"ನಿನ್ನ ಮ್ಯಾಲ ಯಾಕ ಹಾಕ್ಲಿ, ಮಗಾ? ಅಂವಾ ಸಿಟ್ಟಾಗ್ಲಿ, ಬೈಲಿ, ತಡಕೊಂಡೇನು." ಅವಳ ದನಿ ಮುಸುಕಿನೊಳಗೇ ಒಡೆಯಿತು. "ನಾ ಕುಡಿಯೂ ಮುಂದ ಅಂವಾ ನನ್ನ ನೆನಪಿನ್ಯಾಗ ಇರ್ಲೇ ಇಲ್ಲ ನೋಡು. ಅದಕ್ಕ ಹೆದರಿಕಿ ಬಂದೈತಿ."

ಅಂದಿನಿಂದ ಗಿರಣಿಗೆ ಹೋಗುವ ಕೆಲಸ ಕರಿಬಸಪ್ಪನ ಪಾಲಿಗೆ ಬಂತು. ಫಕ್ಕೀರವ್ವ ನಸುಕಿನಲ್ಲೇ ಎದ್ದು, ಜಳಕ ಮಾಡಿ, ದೇವರ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಕೂಡತೊಡಗಿದಳು. ಎಡಗೈಯಲ್ಲಿ ಲಿಂಗ. ಮುಂದೆ ತಟ್ಟೆಯ ತುಂಬ ಪತ್ರಿ. ಅವಸರ ಇಲ್ಲ, ಕರೆಯುವವರಿಲ್ಲ. ಬಯಸಿದ್ದೆಲ್ಲ ಕೈಗೆ ಬಂದಿತ್ತು.

ಆದರೆ ಕಣ್ಣು ಮುಚ್ಚಿದರೆ ಶಿವ ಬರಲೊಲ್ಲ. "ಓಂ ನಮಃ ಶಿವಾಯ" ಅಂದರೆ "ಕುಕ್ ಕುಕ್" ಅಂತ ಇಂಜಿನ್ ತಾಳ ಹಾಕುತ್ತಿತ್ತು. ಮೋಟಾರಿನ ಹಾರ್ನು ಕೂಗಿದರೆ ಮನಸ್ಸು ಮೋಟಾರು ಹತ್ತಿ ಹಿರೇಕೆರೂರಿನಲ್ಲಿದ್ದ ಮಗಳ ಮನೆಗೆ ಹೋಗಿ, ಮೊಮ್ಮಕ್ಕಳನ್ನು ಎತ್ತಿ, ಉಂಡು ತಿಂದು ತಿರುಗಿ ಬರುತ್ತಿತ್ತು. ಕಣ್ಣು ತೆರೆದರೆ ಪತ್ರಿ ಹಾಗೇ ಇರುತ್ತಿತ್ತು. ಬೀಸುವ ಪದವನ್ನಾದರೂ ಹಾಡೋಣವೆಂದರೆ ಎರಡು ಸಾಲು ಬರುತ್ತಿದ್ದವು, ಮೂರನೆಯದು ಬರುತ್ತಲೇ ಇರಲಿಲ್ಲ.

"ಎಲ್ಲಾ ಆ ಇಂಜಿನ್‌ದ ಕಾಟ," ಎಂದು ತಿಳಿದಳು. ಮಗನನ್ನು ಕರೆದು, "ನನ್ನ ಪೂಜಾ ಮುಗಿಯೂತನಕ ಅದನ್ನ ಬಂದ್ ಇಡು ಅಂತ ಗೋಣೆಪ್ಪಗ ಹೇಳಿ ಬಾ," ಅಂದಳು.

ಕರಿಬಸಪ್ಪ ಹೋಗಿ ಹೇಳಿದ, ನಗೆ ತಡೆದುಕೊಂಡು ತಿರುಗಿ ಬಂದ. "ಅಂವಾ ಏನಂತಾನ ಗೊತ್ತೇನವ್ವಾ? ನಿಮ್ಮ ಅವ್ವನ ದೇವರಿಗೆ ನನ್ನ ಇಂಜಿನ್ ಕೇಳಿಸ್ತೈತಂದ್ರ ಒಳ್ಳೇದಾತು, ಒಂದೀಟ ನನ್ನ ಹೆಸರೂ ಹೇಳಂತ ಹೇಳು, ಅಂದ."

ಫಕ್ಕೀರವ್ವನಿಗೆ ನಗೆ ಬರಲಿಲ್ಲ. ಕಿವಿಗೆ ಅರಳೆ ತುರುಕಿಕೊಂಡು ಕುಳಿತಳು. ಇಂಜಿನ್ನಿನ ಸಪ್ಪಳ ಸಣ್ಣದಾಯಿತು, ಆದರೂ ಎಂಥದೋ ಒಂದು ಅದುರು ಬೆನ್ನ ಹಿಂದಿನಿಂದ ಬಂದು ಎದೆಯನ್ನು ಕಲಕುತ್ತಲೇ ಇತ್ತು. ಅದೂ ಇಂಜಿನ್ನಿನದೇ ಅಂದುಕೊಂಡಳು. ದಿನದಿಂದ ದಿನಕ್ಕೆ ಬಡವಾದಳು. ಈ ಜನ್ಮದಲ್ಲಿ ಶಿವ ತನ್ನ ಕಡೆ ತಿರುಗಿ ನೋಡುವುದಿಲ್ಲ ಎಂಬ ಭಯ ಅವಳ ಮುಖದಲ್ಲೇ ಕಾಣುತ್ತಿತ್ತು.

ಶಿವರಾತ್ರಿ ಹತ್ತಿರ ಬಂದಿತ್ತು. ಒಂದು ಸಂಜೆ ಇಂಜಿನ್ ಕೆಮ್ಮಿ, ಕರೀ ಹೊಗೆ ಉಗುಳಿ, ನಿಂತುಬಿಟ್ಟಿತು. ಒಳಗಿನ ಸಾಮಾನು ಹುಬ್ಬಳ್ಳಿಯಿಂದ ಬರಬೇಕಂತೆ. ಊರೆಲ್ಲ ಗೋಣೆಪ್ಪನಿಗಾಗಿ ಲೊಚಗುಟ್ಟಿತು. ಫಕ್ಕೀರವ್ವ ಮಾತ್ರ ಒಳಗೊಳಗೇ ಹಿಗ್ಗಿದಳು. ನಾಳೆ ಕೂಡುತ್ತೇನೆ, ನಾಳೆ ಅವನನ್ನು ಕಂಡೇ ಏಳುತ್ತೇನೆ.

ಮರುದಿನ ನಸುಕು. ಗಾಳಿಯೂ ಇಲ್ಲದ ಮೌನ. ಅವಳು ಲಿಂಗವನ್ನು ಅಂಗೈಯಲ್ಲಿಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಗರ್ರ್... ಗರ್ರ್...

ಬೆನ್ನ ಹಿಂದಿನ ಗೋಡೆಯೊಳಗಿಂದ ಬಂತು. ಇಂಜಿನ್ನಿನದಲ್ಲ. ಆಚೆ ಖತೀಜಾಬಿಯ ಮನೆಯ ಬೀಸುವ ಕಲ್ಲು. ಇಷ್ಟು ದಿನವೂ ಬೆನ್ನಿಗೆ ತಾಗುತ್ತಿದ್ದ ಅದುರು ಇದೇ.

ಫಕ್ಕೀರವ್ವನಿಗೆ ಆ ಸಪ್ಪಳವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಲ್ಲು ಅರ್ಧ ಸುತ್ತು ಬಂದು ತಡೆಯುತ್ತದೆ. ಒಬ್ಬಳೇ ಬೀಸುತ್ತಿದ್ದಾಳೆ. ಈಗ ಬಲಗೈ. ಈಗ ಸೋತಿತು, ಎಡಗೈಗೆ ಬದಲಿಸಿದಳು. ಈಗ ನಿಲ್ಲಿಸಿ ಹಿಡಿ ಜೋಳ ಹಾಕಿದಳು. ಈಗ ಉಸಿರು ತೆಗೆದುಕೊಂಡಳು. ಪದ ಇಲ್ಲ.

ದೂರದ ಮಸೀದಿಯಿಂದ ಬಾಂಗ್ ಕೇಳಿತು. ಕಲ್ಲು ನಿಂತಿತು. ಮೊದಲೆಲ್ಲ ಬಾಂಗ್ ಆದ ಕೂಡಲೇ ಖತೀಜಾಬಿ ಕೈ ತೊಳೆದು ನಮಾಜಿಗೆ ಹೋಗುತ್ತಿದ್ದಳು. ಆ ಹೊತ್ತಿನಲ್ಲಿ ಗೂಟ ಬಿಡದೆ ಹಗುರಾಗಿ ತಿರುವುತ್ತಿರುವುದು ಫಕ್ಕೀರವ್ವನ ಕೆಲಸವಾಗಿತ್ತು. "ನೀ ಹೋಗಿ ಬಾ, ಕಲ್ಲು ನಾ ನೋಡ್ಕೋತೇನಿ." ಎಷ್ಟು ವರ್ಷದ ರೂಢಿ ಅದು! ಈಗ ಅವಳು ನಮಾಜಿಗೆ ಹೋದರೆ ಕಲ್ಲೂ ನಿಲ್ಲಬೇಕು. ಮುಗಿಸಿ ಬಂದು, ತಣ್ಣಗಾದ ಕಲ್ಲನ್ನು ಮತ್ತೆ ಒಬ್ಬಳೇ ಎಬ್ಬಿಸಬೇಕು.

ಫಕ್ಕೀರವ್ವ ಅಂಗೈಯ ಕಡೆ ನೋಡಿದಳು. ಲಿಂಗ ಕುಳಿತ ಆ ಅಂಗೈಯಲ್ಲಿ ಗೂಟ ಹಿಡಿದು ಬಿದ್ದ ಜಡ್ಡು ಇತ್ತು. ಈಗ ಅದು ಮೆತ್ತಗಾಗಿತ್ತು. ಗಿರಣಿಯ ಮೇಲಾಗಲಿ ಇಂಜಿನ್ನಿನ ಮೇಲಾಗಲಿ ಅವಳಿಗೆ ಆ ಗಳಿಗೆಯಲ್ಲಿ ಸಿಟ್ಟೇ ಉಳಿಯಲಿಲ್ಲ. ಪಾಪ, ಅದು ಜೋಳ ಬೀಸಿ ಕೊಟ್ಟಿತ್ತು. ಖತೀಜಾಬಿಗೆ ತಿರುಗಿಸಬೇಕಾಗಿದ್ದ ಮುಂಜಾನೆಯನ್ನು ಇಟ್ಟುಕೊಂಡು ಪೂಜೆಗೆ ಕುಳಿತವಳು ತಾನು.

ಪತ್ರಿ ಏರಿಸಲಿಲ್ಲ. ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯೊಳಗಿಟ್ಟಳು. "ಒಂದೀಟ ತಡಿ ನನ್ನಪ್ಪಾ," ಅಂದು ಎದ್ದಳು.

ಹಿತ್ತಿಲ ಬಾಗಿಲಿಂದ ಒಳಗೆ ಹೋದಾಗ ಖತೀಜಾಬಿ ಇನ್ನೂ ನಮಾಜಿನ ಚಾಪೆಯ ಮೇಲಿದ್ದಳು. ಫಕ್ಕೀರವ್ವ ಸಪ್ಪಳ ಮಾಡದೆ ಗೋಡೆಗೆ ಆನಿಸಿದ್ದ ಮಣೆ ತಂದು ಹಾಕಿಕೊಂಡಳು. ಕಲ್ಲಿನ ಬಾಯಿಗೆ ಹಿಡಿ ಜೋಳ ಹಾಕಿ ಗೂಟ ಹಿಡಿದಳು.

ಅಂಗೈ ಉರಿಯಿತು. ರಟ್ಟೆ ನೊಂದಿತು. ಆಚೆ ಒಬ್ಬಳು ಬಾಗಿ ನೆಲಕ್ಕೆ ಹಣೆ ಹಚ್ಚುತ್ತಿದ್ದಳು, ಈಚೆ ಕಲ್ಲು ಹಗುರಾಗಿ ತಿರುಗುತ್ತಿತ್ತು. ಫಕ್ಕೀರವ್ವ ಯಾವ ಮಂತ್ರವನ್ನೂ ಅನ್ನಲಿಲ್ಲ. ಅವಳಿಗೆ ಖತೀಜಾಬಿಯ ನಮಾಜು ಅವಸರವಿಲ್ಲದೆ ಮುಗಿಯಲಿ ಅನಿಸಿತು. ಅಷ್ಟು ಬಿಟ್ಟು ಬೇರೆ ಏನೂ ಅನಿಸಲಿಲ್ಲ. ಮನಸ್ಸು ಹಿರೇಕೆರೂರಿಗೂ ಹೋಗಲಿಲ್ಲ, ಗಿರಣಿಯ ಕಟ್ಟೆಗೂ ಹೋಗಲಿಲ್ಲ.

ಖತೀಜಾಬಿ ಚಾಪೆ ಸುತ್ತಿಟ್ಟು ಬಂದಳು.

"ಗಿರಣಿ ಕೆಟ್ಟೈತಂತ ಹಿಟ್ಟು ಎರವಿಗೆ ಬಂದೀಯೇನು? ಮೊದಲ ಹೇಳ್ತೇನಿ, ನನ್ನ ಹಂತ್ಯಾಕ ಜಾಸ್ತಿ ಇಲ್ಲ."

"ಯಾರ ಕೇಳ್ಯಾರ ನಿನ್ನ ಹಿಟ್ಟು? ಕುಂಡ್ರು, ಕಲ್ಲು ತಣ್ಣಗಾಗ್ತೈತಿ."

ಖತೀಜಾಬಿ ಕುಳಿತಳು. ಗೂಟದ ಮೇಲೆ ಎರಡನೆಯ ಕೈ ಬಂತು. ಒಂದೆರಡು ಸುತ್ತು ಇಬ್ಬರ ತಾಳ ಕೂಡಲಿಲ್ಲ, ಆಮೇಲೆ ಕೂಡಿತು.

"ಯಕ್ಕಾ," ಅಂದಳು ಖತೀಜಾಬಿ, ಈ ಸಲ ಮೆಲ್ಲಗೆ. "ನಿನ್ನ ಪೂಜಾ ಆತೇನ?"

"ಆಗಾಕತ್ತೈತಿ. ನೀ ಸುಮ್ಕ ಎಳಿ."

ಖತೀಜಾಬಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹಿಟ್ಟು ಹಾರೇತಿ," ಅಂದಳು, ಯಾರೂ ಕೇಳದಿದ್ದರೂ.

ಮೊರದಲ್ಲಿದ್ದ ಜೋಳ ಮುಗಿಯಿತು. ಬೆಳಕು ಹರಿದು ಹಿತ್ತಿಲಲ್ಲಿ ಕೋಳಿಗಳು ಕೆದರತೊಡಗಿದವು. ಖತೀಜಾಬಿ ಒಲೆ ಹೊತ್ತಿಸಲು ಏಳಹೋದಳು. ಫಕ್ಕೀರವ್ವ ಕೈಸನ್ನೆಯಿಂದ ಅವಳನ್ನು ಕೂಡಿಸಿದಳು. ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಅರಿವೆಯ ಚುಂಗಿನಿಂದ ಬಳಿದು, ಕಲ್ಲಿನ ಸಂದಿಯಲ್ಲಿ ಉಳಿದದ್ದನ್ನು ಬೆರಳಿನಿಂದ ತೆಗೆದು, ಒಂದು ಚಿಟಿಕೆಯೂ ನೆಲಕ್ಕೆ ಹೋಗದಂತೆ ಪುಟ್ಟಿಗೆ ತುಂಬಿದಳು. ಆಮೇಲೆ ಎರಡೂ ಕೈಯಿಂದ ಪುಟ್ಟಿಯನ್ನು ಎತ್ತಿ ಖತೀಜಾಬಿಯ ಉಡಿಯಲ್ಲಿ ಇಟ್ಟಳು.